ಬುಡದ ಗುರುತು

ಹೊಸದಾಗಿ ಮರಗೆಲಸಕ್ಕೆ ಇಳಿಯುವವರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಯಾವ ಯಂತ್ರ ಕೊಳ್ಳಬೇಕು, ಕೆಲಸ ಕೈಗೆ ಹತ್ತಲು ಎಷ್ಟು ದಿನ ಬೇಕು. ಯಂತ್ರದ ವಿಷಯ ನನಗೆ ತಿಳಿಯದು. ದಿನದ ವಿಷಯ ಹೇಳಿದರೆ ಅವರಿಗೆ ಹಿಡಿಸುವುದಿಲ್ಲ. ಹಾಗಾಗಿ ಅವರು ಕೇಳದೆ ಬಿಟ್ಟದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹೊನ್ನಾವರದ ಬಸ್ ನಿಲ್ದಾಣದ ಹಿಂದಿನ ಈ ಬಾಡಿಗೆ ಕೋಣೆಯಲ್ಲಿ ನನ್ನ ಮಾತು ಕೇಳಲು ಬೇರೆ ಯಾರೂ ಇಲ್ಲ ಎನ್ನುವುದೂ ಒಂದು ಕಾರಣ. ಸರಕಾರಿ ಕಾರ್ಯಾಗಾರದಲ್ಲಿ ಯಾವಾಗ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಯಾರು ಶಾಲು ಹೊದೆಸಿದರು ಎಂಬುದನ್ನೆಲ್ಲ ಬಿಡುತ್ತೇನೆ. ಆ ಶಾಲು ಪೆಟ್ಟಿಗೆಯಲ್ಲಿದೆ, ನುಸಿ ಗುಳಿಗೆಯ ವಾಸನೆ ಹೊಡೆಯುತ್ತದೆ.

ನಾನು ಕರ್ಕಿಯವನು, ಹೆಸರು ಸುಬ್ರಾಯ. ಆಚಾರಿಗಳ ಮನೆಯಲ್ಲಿ ಹುಟ್ಟಿದರೂ ಅಪ್ಪ ಬೇಗ ತೀರಿಹೋದದ್ದರಿಂದ ಕಸುಬು ಕಲಿತದ್ದು ಪರರ ಕೈಕೆಳಗೆ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಭಟ್ಕಳದಿಂದ ಕುಮಟೆಯವರೆಗೆ ಮನೆಗೆಲಸ ಹಿಡಿಯುತ್ತಿದ್ದ ಒಬ್ಬ ಮೇಸ್ತ್ರಿಯವರ ಬಳಿ ಸೇರಿಕೊಂಡೆ. ಊರವರು ಅವರನ್ನು ದೊಡ್ಡ ಮೇಸ್ತ್ರಿ ಎನ್ನುತ್ತಿದ್ದರು. ಆಳು ನನ್ನ ಹೆಗಲಿಗೆ ಬರುತ್ತಿದ್ದರು, ಅಷ್ಟೆ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್, ಕೈಯಲ್ಲಿ ಮಡಚುವ ಅಡಿಕೋಲು. ಆ ಕೋಲು ಅಳೆಯಲಿಕ್ಕಿಂತ ನಮ್ಮ ಬೆರಳ ಗೆಣ್ಣಿಗೆ ಹೊಡೆಯಲಿಕ್ಕೆ ಹೆಚ್ಚು ಬಳಕೆಯಾಗುತ್ತಿತ್ತು.

ಮರ ತಂದ ಕೂಡಲೇ ಕೆಲಸಕ್ಕೆ ಹಚ್ಚುವಂತಿರಲಿಲ್ಲ. ಹಸಿ ಮರದಲ್ಲಿ ಬಾಗಿಲು ಮಾಡಿದರೆ ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ, ಎರಡು ವರ್ಷದೊಳಗೆ ಮುಖ ತಿರುವಿ ನಿಲ್ಲುತ್ತದೆ. ಅದಕ್ಕೆ ದಿಮ್ಮಿಗಳನ್ನು ಕೆಲವು ತಿಂಗಳು ಸಿಹಿನೀರಿನ ಹೊಂಡದ ಕೆಸರಿನಲ್ಲಿ ಮುಳುಗಿಸಿಡುತ್ತಿದ್ದೆವು. ಮರದೊಳಗಿನ ರಸ ನೀರಿಗೆ ಬಿಟ್ಟುಹೋದರೆ ಆಮೇಲೆ ಹುಳ ಹಿಡಿಯುವುದು ಕಡಿಮೆ. ತೆಗೆದು ಕೊಯ್ದ ಮೇಲೆ ಹಲಗೆಗಳ ಎರಡೂ ತುದಿಗೆ ಸಗಣಿ ಬಳಿದು, ನಡುನಡುವೆ ಪಟ್ಟಿ ಕೊಟ್ಟು, ನೆರಳಿನಲ್ಲಿ ಪೇರಿಸಿ ಮತ್ತೊಂದು ವರ್ಷ ಬಿಡಬೇಕು. ಸಗಣಿ ಬಳಿಯದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ಈಗ ಇದನ್ನೆಲ್ಲ ಹೇಳಿದರೆ ಕೇಳುವವರು ಕೈಗಡಿಯಾರ ನೋಡಿಕೊಳ್ಳುತ್ತಾರೆ.

ನನ್ನ ಮೊದಲ ದೊಡ್ಡ ತಪ್ಪು ಇಲ್ಲಿಯೇ ಆಯಿತು. ಹೊನ್ನಾವರದಲ್ಲಿ ಒಮ್ಮೆ ನಾಲ್ಕು ದಿಮ್ಮಿಗಳನ್ನು ಹೊಂಡಕ್ಕೆ ಹಾಕಿಸು ಎಂದು ಮೇಸ್ತ್ರಿಯವರು ಹೇಳಿ ಕುಮಟೆಗೆ ಹೋದರು. ಹೊಂಡ ದೂರ, ಹೊಳೆ ಹತ್ತಿರ. ನೀರು ನೀರೇ ಅಲ್ಲವೇ ಎಂದುಕೊಂಡು ನಾನು ಸಮುದ್ರದ ಭರತದ ನೀರು ಬಂದುಹೋಗುವ ಕಡೆ ದಿಮ್ಮಿಗಳನ್ನು ಕಟ್ಟಿಸಿ ಹಾಯಾಗಿದ್ದೆ. ಉಪ್ಪುನೀರಿನಲ್ಲಿ ದೋಣಿಯ ಮರವನ್ನೇ ಕೊರೆದು ತಿನ್ನುವ ಹುಳ ಇದೆಯೆಂದು ಸಮುದ್ರದ ಬದಿಯಲ್ಲಿ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ತಿಂಗಳುಗಳ ಮೇಲೆ ಎಳೆದು ಕೊಯ್ದಾಗ ಒಳಗೆಲ್ಲ ಬೆರಳು ತೂರುವ ತೂತುಗಳು. ಮೇಸ್ತ್ರಿಯವರು ಹಲಗೆಯನ್ನು ಎತ್ತಿ ಬಿಸಿಲಿಗೆ ಹಿಡಿದು ಅದರ ಮೂಲಕ ನನ್ನನ್ನು ನೋಡಿದರು.

“ಎಂತ ಸುಬ್ರಾಯ, ನಾ ದಾರಂದ ಮಾಡು ಅಂದ್ರೆ ನೀ ಜರಡಿ ಮಾಡ್ದ್ಯಾ?” ಎಂದರು.

ದಾರಂದವೆಂದರೆ ಬಾಗಿಲಿನ ಚೌಕಟ್ಟು. ಆ ವಾರವಿಡೀ ಎಲ್ಲರೂ ನನ್ನನ್ನು ಜರಡಿ ಆಚಾರಿ ಎಂದೇ ಕರೆದರು. ಶಿಕ್ಷೆಯೆಂದು ಮೇಸ್ತ್ರಿಯವರು ನನ್ನನ್ನು ಗರಗಸದ ಹೊಂಡಕ್ಕೆ ಹಾಕಿದರು. ಕೊಯ್ಯಲು ಬಾರದವನಿಗೆ ಮರ ಗೊತ್ತಾಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಅಲ್ಲಿ ನನಗೆ ಶನಿಯಾರ ಸಿಕ್ಕಿದ.

ಮರ ಕೊಯ್ಯುವ ಮಿಲ್ಲು ಬರುವ ಮೊದಲು ಹಲಗೆ ಹೇಗೆ ಬರುತ್ತಿತ್ತೆಂದು ಇಂದಿನವರು ನೋಡಿರಲಿಕ್ಕಿಲ್ಲ. ಆಳೆತ್ತರದ ಹೊಂಡ ತೋಡಿ ಅದರ ಮೇಲೆ ದಿಮ್ಮಿಯನ್ನು ಮಲಗಿಸುವುದು. ಒಬ್ಬ ದಿಮ್ಮಿಯ ಮೇಲೆ ನಿಲ್ಲುತ್ತಾನೆ, ಇನ್ನೊಬ್ಬ ಹೊಂಡದೊಳಗೆ. ನಡುವೆ ಆರಡಿ ಉದ್ದದ ಗರಗಸ. ಮೇಲಿನವನು ಗೆರೆ ನೋಡಿ ದಾರಿ ತೋರಿಸಬೇಕು, ಕೆಳಗಿನವನು ಎಳೆಯಬೇಕು. ಕೊಯ್ದಷ್ಟೂ ಪುಡಿ ಕೆಳಗಿನವನ ತಲೆ, ಕಣ್ಣು, ಬೆನ್ನಿನ ಮೇಲೆ. ಶನಿಯಾರ ಭಟ್ಕಳದ ಕಡೆಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ತಲೆಗೆ ಬಟ್ಟೆ ಕಟ್ಟಿಕೊಂಡು ಸದಾ ಹೊಂಡಕ್ಕೇ ಇಳಿಯುತ್ತಿದ್ದ. ಒಂದು ದಿನ ನಾನು ಇಳಿಯುತ್ತೇನೆ ಎಂದೆ.

“ಬ್ಯಾಡ ಆಚಾರ್ರೆ,” ಎಂದ. “ನಾಳಿಗೆ ಉಳಿ ಹಿಡ್ದು ಗೆರೆ ನೋಡೂ ಕಣ್ಣು ನಿಮ್ದು. ನನ್ನ ಕಣ್ಣಿಗೆ ಎಂತ ಕೆಲ್ಸ ಅದೆ?”

ಅವನಿಗಿಂತ ಚಿಕ್ಕವನಾದ ನನ್ನನ್ನು ಅವನು ಕೊನೆಯವರೆಗೂ ಆಚಾರ್ರೆ ಎಂದೇ ಕರೆದ. ಉಳಿ ಹಿಡಿಯುವವರು ತಿಳಿದವರು ಎಂಬ ಗೌರವ ಅವನಿಗೆ. ನಾಲ್ಕು ವರ್ಷ ನಾವಿಬ್ಬರೂ ಒಂದೇ ಗರಗಸದ ಎರಡು ಹಿಡಿ ಹಿಡಿದೆವು. ಕೆಲಸ ಮಾಡುವಾಗ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಆದರೆ ಅವನಿಗೆ ಜ್ವರವೋ, ಮನೆಯ ಚಿಂತೆಯೋ, ಹಸಿವೋ ಎಲ್ಲ ನನಗೆ ಗರಗಸದ ಎಳೆತದಲ್ಲೇ ಗೊತ್ತಾಗುತ್ತಿತ್ತು. ನನಗೆ ಅಂಥ ಸ್ನೇಹ ಮುಂದೆ ಯಾರೊಂದಿಗೂ ಆಗಲಿಲ್ಲ.

ಹಲಗೆ ಬೇರೆಯಾದ ಕೂಡಲೇ ಶನಿಯಾರ ಮಾಡುತ್ತಿದ್ದ ಮೊದಲ ಕೆಲಸ, ಹೊಂಡದಿಂದ ಹತ್ತಿಬಂದು ಕಣ್ಣು ಒರೆಸಿಕೊಂಡು, ತೆಂಗಿನ ಚಿಪ್ಪಿನಲ್ಲಿ ಕಲಸಿಟ್ಟ ಕೆಮ್ಮಣ್ಣಿನಿಂದ ಹಲಗೆಯ ಬುಡದ ಕಡೆ ಒಂದು ಗೀಟು ಎಳೆಯುವುದು. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕೆಂಬುದು ನಮ್ಮ ಕಡೆಯ ನಿಯಮ. ಕಂಬವಿರಲಿ, ದಾರಂದದ ನಿಲುವಿರಲಿ, ಬುಡ ಕೆಳಗೆ, ತುದಿ ಮೇಲೆ. ತಿರುವಿ ನಿಲ್ಲಿಸಿದರೆ ಆ ಮನೆ ಏಳಿಗೆಯಾಗದು ಎನ್ನುತ್ತಿದ್ದರು. ಇದನ್ನು ನಂಬದ ಆಚಾರಿಗಳೂ ಇದ್ದರು, ಆದರೆ ತಪ್ಪಿಸಿದವರನ್ನು ನಾನು ನೋಡಿರಲಿಲ್ಲ. ಕೊಯ್ದ ಹಲಗೆ ಎರಡೂ ಕಡೆ ಒಂದೇ ತೆರನಾಗಿ ಕಾಣುವುದರಿಂದ ಎಲ್ಲರೂ ಗರಗಸದವನ ಗೀಟನ್ನೇ ನಂಬಿ ನಡೆಯುತ್ತಿದ್ದರು. ಶನಿಯಾರನ ಗೀಟು ಒಮ್ಮೆಯೂ ತಪ್ಪಿದ್ದಿಲ್ಲ. ಅವನಿಗೆ ಓದು ಬರಹ ಇರಲಿಲ್ಲ. ಆ ಗೀಟೇ ಅವನ ಸಹಿ ಎಂದು ಮೇಸ್ತ್ರಿಯವರು ಹೇಳುತ್ತಿದ್ದರು.

ಹೊಂಡದ ಕೆಲಸವಿಲ್ಲದ ದಿನ ನಾನು ಜೋಡಣೆ ಕಲಿತೆ. ಒಂದು ಮರದಲ್ಲಿ ಚೌಕ ತೂತು, ಇನ್ನೊಂದರ ತುದಿಯಲ್ಲಿ ಅದರೊಳಗೆ ಕೂರುವ ನಾಲಿಗೆ. ನಾಲಿಗೆಯ ದಪ್ಪ ಮರದ ದಪ್ಪದಲ್ಲಿ ಮೂರನೇ ಒಂದು ಪಾಲು. ಹೆಚ್ಚಾದರೆ ತೂತಿನ ಗೋಡೆ ಸೀಳುತ್ತದೆ, ಕಡಿಮೆಯಾದರೆ ನಾಲಿಗೆಯೇ ಮುರಿಯುತ್ತದೆ. ಗೆರೆಯ ಮೇಲೆ ಕೊಯ್ಯಬಾರದು, ಗೆರೆ ಉಳಿಸಿ ಕೊಯ್ಯಬೇಕು. “ತೆಗ್ದ ಮರ ತಿರ್ಗಿ ಹಚ್ಚೂಕೆ ಬತ್ತದ್ಯಾ?” ಎಂದು ಮೇಸ್ತ್ರಿಯವರು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ಕೂಡಿಸಿದ ಮೇಲೆ ಅಡ್ಡವಾಗಿ ಬಿದಿರಿನ ಮೊಳೆ. ನಾಲಿಗೆಯ ತೂತನ್ನು ಒಂದು ಕೂದಲೆಳೆಯಷ್ಟು ಒಳಗೆ ಸರಿಸಿ ಕೊರೆದರೆ ಮೊಳೆ ಹೊಡೆದಂತೆಲ್ಲ ಎರಡು ಮರ ಒಂದನ್ನೊಂದು ಎಳೆದುಕೊಳ್ಳುತ್ತವೆ. ಅಂಟೂ ಬೇಡ, ಕಬ್ಬಿಣವೂ ಬೇಡ. ಇದು ನನಗೆ ಬಂದ ದಿನ ಮೇಸ್ತ್ರಿಯವರು ಹೊಗಳಲಿಲ್ಲ, ಗೆಣ್ಣಿಗೆ ಹೊಡೆಯುವುದನ್ನು ಮಾತ್ರ ನಿಲ್ಲಿಸಿದರು.

ಈ ಕಸುಬಿನ ಒಂಟಿತನದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ. ಊರಿಂದ ಊರಿಗೆ ಹೋಗಿ, ಬಾಗಿಲಿಲ್ಲದ, ಗಾರೆ ಒಣಗದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕು. ಆ ಮನೆಯ ಯಾವ ಮೂಲೆಗೆ ಬೆಳಿಗ್ಗೆ ಬಿಸಿಲು ಬರುತ್ತದೆ, ಯಾವ ಕಿಟಕಿಗೆ ಗಾಳಿ ಬಡಿಯುತ್ತದೆ ಎಂದು ಅಲ್ಲಿ ಬಾಳುವವರಿಗಿಂತ ಮೊದಲು ನಮಗೆ ತಿಳಿಯುತ್ತದೆ. ಒಲೆ ಹೊತ್ತಿಸುವ ದಿನ ನಮಗೆ ಪಂಚೆ, ವೀಳ್ಯ, ಊಟ ಕೊಟ್ಟು ಕಳಿಸುತ್ತಾರೆ. ಅದು ಮನೆಯಾಗುವ ಹೊತ್ತಿಗೆ ನಾವು ಹೊರಟಿರುತ್ತೇವೆ. ನಾನು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಕಾರಣ ಹೇಳಿದ್ದೇನೆ.

ಈಗ ಮಿರ್ಜಾನದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಇಲ್ಲಿಗೆ ಬರಲು ಮನಸ್ಸಿಲ್ಲದೆ.

ಅಘನಾಶಿನಿ ಹೊಳೆಯ ಹತ್ತಿರ ಗೋವಿಂದಣ್ಣ ಎಂಬ ಗದ್ದೆ ಬೇಸಾಯದವರು ಮನೆ ಕಟ್ಟಿಸುತ್ತಿದ್ದರು. ಎದುರು ಬಾಗಿಲಿಗೆ ಸಾಗುವಾನಿ ಬೇಕೆಂದು ಅವರ ಆಸೆ. ಅದರ ದಿಮ್ಮಿಯನ್ನು ವರ್ಷದ ಹಿಂದೆ ನಾನೂ ಶನಿಯಾರನೂ ಕೊಯ್ದು ಒಣಗಿಸಿಟ್ಟಿದ್ದೆವು. ಮೇಸ್ತ್ರಿಯವರು ಮೊದಲ ಬಾರಿಗೆ ಇಡೀ ದಾರಂದವನ್ನು ನನ್ನೊಬ್ಬನಿಗೇ ಬಿಟ್ಟರು. ಮರುದಿನ ಬೆಳಿಗ್ಗೆ ಮುಹೂರ್ತ. ಹೊಸ್ತಿಲು, ಮೇಲಿನ ಅಡ್ಡ, ಎಡದ ನಿಲುವು ಆಗಿದ್ದವು, ಬಲದ ನಿಲುವು ಉಳಿದಿತ್ತು. ಅದರ ಬುಡದಲ್ಲಿ ಒಂದು ಸಣ್ಣ ಸೀಳು ಕಂಡಿತು. ಮರ ಉದ್ದಕ್ಕೆ ಸಾಕಷ್ಟಿತ್ತು. ಸೀಳಿರುವ ಒಂದು ಗೇಣು ಕತ್ತರಿಸಿ ಎಸೆದೆ. ಕೆಮ್ಮಣ್ಣಿನ ಗೀಟು ಆ ತುಂಡಿನ ಜೊತೆಯೇ ಹೋಯಿತು. ತುದಿಯ ಕಡೆಯನ್ನು ಮೊದಲೇ ಸವರಿ ಸಮ ಮಾಡಿದ್ದರಿಂದ ಈಗ ಎರಡೂ ಕಡೆ ಒಂದೇ ತರ ಹೊಸ ಕೊಯ್ತ.

ಗೀಟಿರುವ ತುಂಡನ್ನು ಕತ್ತರಿಸುವ ಮೊದಲು ಹೊಸ ಗೀಟನ್ನು ಒಳಗಡೆ ಎಳೆದುಕೊಳ್ಳಬೇಕು. ಇದು ಕಸುಬಿನ ಮೊದಲ ಪಾಠ. ಊಟಕ್ಕೆ ಕರೆದರು, ಬಂದು ಎಳೆದರಾಯಿತು ಎಂದು ಎದ್ದುಹೋದೆ. ಮೀನು ಸಾರಿನ ಊಟ ಮಾಡಿ ಬರುವಷ್ಟರಲ್ಲಿ ಯಾರೋ ದಾರಿಗೆ ಅಡ್ಡವೆಂದು ಮರವನ್ನು ಎತ್ತಿ ಇನ್ನೊಂದು ಕಡೆ ಇಟ್ಟಿದ್ದರು. ಯಾವ ತುದಿ ಯಾವುದು? ನನಗೆ ಅನುಮಾನ ಬಂತು. ಮರವನ್ನು ಹೊರಗೆ ಬೆಳಕಿಗೆ ತೆಗೆದು ನೋಡಿದ್ದರೆ, ಎಸೆದ ತುಂಡನ್ನು ತಂದು ಹೊಂದಿಸಿದ್ದರೆ ಗೊತ್ತಾಗುತ್ತಿತ್ತು. ಹೊತ್ತಾಗುತ್ತಿದೆ ಎಂಬ ಅವಸರ, ಒಬ್ಬನೇ ಮುಗಿಸಿ ತೋರಿಸಬೇಕೆಂಬ ಹಮ್ಮು. ಇದೇ ಇರಬೇಕು ಎಂದು ಅಂದಾಜಿನ ಮೇಲೆ ಗೆರೆ ಹಾಕಿದೆ. ದಾರಂದದಲ್ಲಿ ಹೊಸ್ತಿಲಿಗೆ ಇಳಿಯುವ ನಾಲಿಗೆ ಗಿಡ್ಡ, ಮೇಲಿನ ಅಡ್ಡಕ್ಕೆ ಹೋಗುವುದು ಉದ್ದ. ಒಮ್ಮೆ ಕೊಯ್ದ ಮೇಲೆ ಆ ಮರ ತಿರುವಿ ನಿಲ್ಲಿಸಲು ಬರುವುದಿಲ್ಲ.

ಸಂಜೆ ದಾರಂದಕ್ಕೆ ಎಣ್ಣೆ ಹಚ್ಚಿದೆ. ಎಣ್ಣೆ ಬಿದ್ದ ಕೂಡಲೇ ಸಾಗುವಾನಿಯ ಗೀರುಗಳು ಎದ್ದು ಕಾಣುತ್ತವೆ. ಅವು ದೀಪದ ಕುಡಿಯ ಹಾಗೆ ಮರದ ತುದಿಯ ಕಡೆಗೆ ಚೂಪಾಗಿರುತ್ತವೆ. ಎಡದ ನಿಲುವಿನಲ್ಲಿ ಕುಡಿಗಳೆಲ್ಲ ಮೇಲಕ್ಕೆ ಮುಖ ಮಾಡಿದ್ದವು. ಬಲದಲ್ಲಿ ಕೆಳಕ್ಕೆ. ಬೇರೆ ಸಾಗುವಾನಿ ಅಲ್ಲಿರಲಿಲ್ಲ. ಮೇಸ್ತ್ರಿಯವರಿಗೆ ಹೇಳಬಹುದಿತ್ತು, ಮುಹೂರ್ತ ಮುಂದೆ ಹೋಗುತ್ತಿತ್ತು, ನನ್ನ ಮಾನ ಹೋಗುತ್ತಿತ್ತು, ಅಷ್ಟೆ. ನಾನು ಇನ್ನೊಂದು ಸುತ್ತು ಎಣ್ಣೆ ಹಚ್ಚಿ ಮರದ ಬಣ್ಣ ಕಪ್ಪಾಗುವ ಹಾಗೆ ಮಾಡಿದೆ. ಬೆಳಿಗ್ಗೆ ಪೂಜೆಯಾಗಿ ದಾರಂದ ನಿಂತಿತು. ಎಲ್ಲರೂ ಹೊಗಳಿದರು.

ಎರಡು ತಿಂಗಳೊಳಗೆ ಗೋವಿಂದಣ್ಣನ ಜೋಡೆತ್ತಿನಲ್ಲಿ ಒಂದು ಸತ್ತಿತು. ಆಮೇಲೆ ಅವರ ತಾಯಿ ಅದೇ ಹೊಸ್ತಿಲು ದಾಟುವಾಗ ಎಡವಿ ಬಿದ್ದು ಸೊಂಟ ಮುರಿದುಕೊಂಡರು. ನೋಡಲು ಬಂದ ಗೋವಿಂದಣ್ಣನ ಸೋದರಮಾವ ದೋಣಿ ಮಾಡುವ ಮುದುಕರು. ಅವರು ಅಕ್ಕನ ಹತ್ತಿರ ಹೋಗುವ ಮೊದಲು ಬಾಗಿಲಲ್ಲೇ ನಿಂತುಬಿಟ್ಟರಂತೆ. ಮೇಸ್ತ್ರಿಯವರಿಗೂ ನನಗೂ ಕರೆ ಬಂತು. ಶನಿಯಾರ ಆಗ ಭಟ್ಕಳದ ತನ್ನ ಮನೆಗೆ ಹೋಗಿದ್ದ.

“ಬಲದ ನಿಲುವು ತಲೆಕೆಳಗಾಗಿ ಅದೆ,” ಎಂದರು ಆ ಮುದುಕರು, ಹೆಬ್ಬೆರಳಿನಿಂದ ಮರ ಉಜ್ಜಿ ತೋರಿಸುತ್ತ. “ನಾ ಹೇಳೂದಲ್ಲ, ಮರವೇ ಹೇಳ್ತದೆ.”

ಗೋವಿಂದಣ್ಣ ಕೂಗಾಡಲಿಲ್ಲ. ಒಳಗೆ ಮಲಗಿದ್ದ ತಾಯಿಯ ಕಡೆ ಒಮ್ಮೆ ನೋಡಿದರು. “ಮೇಸ್ತ್ರಿಯೋರೆ, ಇದು ಯಾರ ಕೆಲ್ಸ ಅಂತ ನಂಗೆ ಗೊತ್ತಾಗ್ಬೇಕು,” ಎಂದರು.

ಮೇಸ್ತ್ರಿಯವರು ನನ್ನ ಮುಖ ನೋಡಿದರು. ಆ ಅಂಗಳದಲ್ಲಿ ಹತ್ತು ಹನ್ನೆರಡು ಜನ ಇದ್ದರು. “ಗುರ್ತು ಹಂಗೇ ಇತ್ತು,” ಎಂದೆ ನಾನು.

“ಶನಿಯಾರ ಹಾಕಿದ ಗುರ್ತಾ?” ಎಂದು ಮೇಸ್ತ್ರಿಯವರು ಕೇಳಿದರು.

ನಾನು ತಲೆಯಾಡಿಸಿದೆ.

ಒಂದು ಮರ ತಿರುವಿ ನಿಂತರೆ ಎತ್ತು ಸಾಯುತ್ತದೆ ಎಂದು ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಅಲ್ಲಿದ್ದವರೆಲ್ಲ ನಂಬಿದ್ದರು. ಬುಡ ತುದಿ ತಿಳಿಯದ ಗರಗಸದವನು ಎಂಬ ಮಾತು ಮಿರ್ಜಾನದಿಂದ ಕುಮಟೆಗೆ, ಕುಮಟೆಯಿಂದ ಹೊನ್ನಾವರಕ್ಕೆ ಮೀನು ಬುಟ್ಟಿಗಿಂತ ಬೇಗ ತಲುಪಿತು. ಮೇಸ್ತ್ರಿಯವರು ಹೊಸ ದಾರಂದ ಮಾಡಿಸಿಕೊಟ್ಟು, ಶನಿಯಾರನಿಗೆ ಇನ್ನು ಬರಬೇಡ ಎಂದು ಹೇಳಿ ಕಳಿಸಿದರು. ಅದೇ ದಿಮ್ಮಿಯ ಉಳಿದ ಹಲಗೆಗಳು ಹೊನ್ನಾವರದಲ್ಲಿ ನಾವು ಮರ ಪೇರಿಸಿಡುವ ಶೆಡ್ಡಿನಲ್ಲಿದ್ದವು. ಪ್ರತಿಯೊಂದರ ಬುಡದಲ್ಲೂ ಗೀಟು ಸರಿಯಾಗಿಯೇ ಇತ್ತು. ಹೋಗಿ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಎಂಟು ದಿನದ ಮೇಲೆ ಹೊನ್ನಾವರದ ಧಕ್ಕೆಯಲ್ಲಿ, ಶರಾವತಿ ದಾಟಿ ಬಂದ ಲಾಂಚಿನಿಂದ ಶನಿಯಾರ ಇಳಿದ. ನನ್ನನ್ನು ಹುಡುಕಿಕೊಂಡೇ ಬಂದಿದ್ದ. ಅವನು ಜಗಳಕ್ಕೆ ಬಂದಿದ್ದಾನೆಂದು ನಾನು ಗಟ್ಟಿಮನಸ್ಸು ಮಾಡಿ ನಿಂತೆ.

“ಆಚಾರ್ರೆ, ನೀವು ಕಣ್ಣಲ್ಲಿ ಕಂಡ್ರ್ಯಾ? ಕೆಮ್ಮಣ್ಣು ತುದಿ ಬದಿಗೆ ಇತ್ತಾ?”

ಆಗಲಾದರೂ ಹೇಳಬಹುದಿತ್ತು. ಧಕ್ಕೆಯಲ್ಲಿ ನಾವಿಬ್ಬರೇ ಇದ್ದೆವು. “ಇತ್ತು,” ಎಂದೆ.

ಅವನು ತನ್ನ ಬಲಗೈಯನ್ನು ನೋಡಿಕೊಂಡ. “ನೀವು ಕಂಡದ್ದು ಅಂದ್ಮೇಲೆ ನಂದೇ ತಪ್ಪು,” ಎಂದ. “ಆ ಮರ ಕೊಯ್ಯೂ ಹೊತ್ತಿಗೆ ನಮ್ಮ ಅವ್ವಿ ಸತ್ತು ಹದಿನೈದು ದಿನ ಆಗಿತ್ತು. ತಲೆ ಎಲ್ಲೋ ಇತ್ತು ಕಾಣ್ತದೆ. ನನ್ನಿಂದ ನೀವೂ ಮಾತು ಕೇಳ್ಬೇಕಾತು. ಮನ್ಸಿಗೆ ಹಚ್ಕಬೇಡಿ.”

ನನ್ನ ಕ್ಷಮೆ ಕೇಳಿ ಅವನು ಅದೇ ಲಾಂಚಿನಲ್ಲಿ ತಿರುಗಿ ಹೋದ. ನಾನು ಅಲ್ಲೇ ನಿಂತಿದ್ದೆ, ಕೂಗಿ ಕರೆಯಲಿಲ್ಲ.

ಆಮೇಲೆ ನನಗೆ ಹೊಂಡದ ಮೇಲೆ ನಿಲ್ಲಲು ಆಗಲಿಲ್ಲ. ಕೆಳಗೆ ಬೇರೆ ಯಾರೇ ಇಳಿದರೂ ಎಳೆತ ಹೊಂದುತ್ತಿರಲಿಲ್ಲ. ಕುಮಟೆಯಲ್ಲಿ ಸರಕಾರಿ ಕಾರ್ಯಾಗಾರಕ್ಕೆ ಬಡಗಿ ಬೇಕೆಂದು ತಿಳಿದು ಅರ್ಜಿ ಹಾಕಿದೆ. ಹೊರಡುವ ದಿನ ಮೇಸ್ತ್ರಿಯವರ ಕಾಲಿಗೆ ಬಿದ್ದೆ. ಅವರು ನನ್ನನ್ನು ಎಬ್ಬಿಸಿ, ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿದರು.

“ಮಿರ್ಜಾನದಲ್ಲಿ ನೀ ಕಡ್ದು ಎಸ್ದ ತುಂಡು ನಂಗೆ ಸಿಕ್ಕಿತ್ತು ಸುಬ್ರಾಯ. ಕೆಮ್ಮಣ್ಣು ಅದ್ರ ಮೇಲೇ ಇತ್ತು. ಒಲೆಗೆ ಹಾಕ್ದೆ.”

ಅವರು ಕೈಯಲ್ಲಿದ್ದ ಅಡಿಕೋಲನ್ನು ಮಡಚಿದರು.

“ಗರಗಸದವ ಇನ್ನೊಬ್ಬ ಸಿಕ್ತಾನೆ. ನಿನ್ನಂಥ ಕೈ ಸಿಗೂದಿಲ್ಲ ಅಂದ್ಕಂಡೆ. ಈಗ ನೀನೂ ಹೊಂಟೆ.”

ನನ್ನ ಸುಳ್ಳು ನನ್ನೊಬ್ಬನದೇ ಎಂದು ತಿಳಿದಿದ್ದೆ. ಅದಕ್ಕೆ ಇನ್ನೊಬ್ಬ ಪಾಲುಗಾರ ಇದ್ದಾನೆಂದು ಗೊತ್ತಾದ ಮೇಲೆ ಹಗುರವಾಗಬೇಕಿತ್ತು. ಆಗಲಿಲ್ಲ. ಮೇಸ್ತ್ರಿಯವರ ಮುಖ ಮತ್ತೆ ನೋಡಲು ನಾನು ಹೋಗಲೂ ಇಲ್ಲ.

ಕಾರ್ಯಾಗಾರದ ದಿನಗಳ ಬಗ್ಗೆ ಬರೆಯುವಂಥದ್ದು ಕಡಿಮೆ. ಅಂಗುಲ ಹೋಗಿ ಸೆಂಟಿಮೀಟರ್ ಬಂದ ಕಾಲ ಅದು. ಒಂದು ಶಾಲೆಗೆ ಮೇಜು ಮಾಡುವಾಗ ನಾನು ಎರಡು ಕಾಲುಗಳನ್ನು ಹೊಸ ಟೇಪಿನಿಂದ, ಎರಡನ್ನು ಹಳೆಯ ಅಡಿಕೋಲಿನಿಂದ ಅಳೆದು ಕೊಯ್ದೆ. ಅರ್ಧ ಅಂಗುಲ ವ್ಯತ್ಯಾಸ. ಮೇಜು ನಮಸ್ಕಾರ ಮಾಡುವ ಹಾಗೆ ಮುಂದಕ್ಕೆ ಬಾಗಿತು. ನಮ್ಮ ಓವರ್ಸಿಯರ್ ಸಾಹೇಬರು ಅದರ ಮೇಲೆ ತಮ್ಮ ಚಹಾ ಲೋಟ ಇಟ್ಟು, ಅದು ನಿಧಾನವಾಗಿ ಜಾರಿ ನನ್ನ ಕಡೆಗೇ ಬರುವುದನ್ನು ನೋಡಿದರು. ಅಂದು ನಾನು ಎಲ್ಲರೆದುರು, “ತಪ್ಪು ನನ್ನದು, ಎರಡು ಅಳತೆ ಬೆರೆಸಿದೆ” ಎಂದೆ. ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಎಲ್ಲರೂ ನಕ್ಕರು, ಕಾಲು ಕೊಯ್ದು ಸರಿಮಾಡಿದೆ, ಮುಗಿಯಿತು. ಇಷ್ಟೇ ಆಗಿದ್ದನ್ನು ಮಿರ್ಜಾನದಲ್ಲಿ ಹೇಳಲಾರದೆ ಹೋದೆನಲ್ಲ ಎಂದು ಆ ದಿನ ನನಗೆ ಊಟ ಸೇರಲಿಲ್ಲ.

ಮಿರ್ಜಾನದ ಸಂಗತಿಯಾಗಿ ಏಳು ವರ್ಷವಾಗಿತ್ತು. ಇಲಾಖೆಯ ಕೆಲಸಕ್ಕೆ ಮರ ಆರಿಸಲು ನನ್ನನ್ನು ಭಟ್ಕಳದ ಒಂದು ಮರದಂಗಡಿಗೆ ಕಳಿಸಿದರು. ಅಂಗಡಿಯ ಸಾಹೇಬರು ಗುಮಾಸ್ತನೊಂದಿಗೆ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಮಾತಾಡುತ್ತಿದ್ದರು. ಅಂಗಳದಲ್ಲಿ ಆಳುಗಳು ಲಾರಿಯಿಂದ ಹಲಗೆ ಇಳಿಸುತ್ತಿದ್ದರು. ಅವರಲ್ಲಿ ಒಬ್ಬ ಹಲಗೆ ಹೊತ್ತುಕೊಂಡು ನಿಂತು, ಚಾಲಕನನ್ನು ಕೇಳಿದ.

“ಇದ್ರ ಬುಡ ಯಾವ ಬದಿಗೆ, ಮಾರಾಯ?”

“ಪೇರ್ಸೂಕೆ ಬುಡ ತುದಿ ಎಂತಕ್ಕೋ? ಇಡು ಅಲ್ಲಿ,” ಎಂದ ಚಾಲಕ.

“ಅಲ್ಲ, ಹೇಳು. ನಂಗೆ ಅದು ತಿಳಿಯೂದಿಲ್ಲ.”

ಶನಿಯಾರ. ತಲೆ ಆ ವಯಸ್ಸಿಗೇ ನರೆತಿತ್ತು, ದನಿ ಅದೇ. ಕಾಡಿನ ಯಾವ ಮರವನ್ನು ತಂದು ಹಾಕಿದರೂ ಬುಡ ಹೇಳುತ್ತಿದ್ದವನು, ನನ್ನ ಒಂದು ಮಾತು ನಂಬಿ ತನ್ನ ಕಣ್ಣನ್ನು ನಂಬುವುದು ಬಿಟ್ಟಿದ್ದ. ಅವನಿಗೆ ಕೆಲಸ ಹೋಗಿದೆ ಎಂದಷ್ಟೇ ನಾನು ಏಳು ವರ್ಷ ತಿಳಿದಿದ್ದೆ. ನಾನು ಕಿತ್ತುಕೊಂಡದ್ದು ಅದಕ್ಕಿಂತ ದೊಡ್ಡದು. ಲಾರಿಯ ಹಿಂದೆ ಅಡಗಿ ನಿಂತು, ಮರ ಆರಿಸದೆ, ಕುಮಟೆಗೆ ಓಡಿಬಂದೆ. ಒಳ್ಳೆಯ ಮರ ಇರಲಿಲ್ಲ ಎಂದು ವರದಿ ಬರೆದುಕೊಟ್ಟೆ. ಅದೂ ಸುಳ್ಳೇ.

ಮೂರು ವಾರ ತಡೆದುಕೊಂಡೆ. ನಾಲ್ಕನೆಯ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ, ಶರಾವತಿ ದಾಟಿ, ಮತ್ತೊಂದು ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆ. ಶನಿಯಾರನ ಮನೆ ಪೇಟೆಯಿಂದ ಒಂದು ಮೈಲಿ. ಅವನು ಜಗಲಿಯಲ್ಲಿ ಕೂತು ಬುಟ್ಟಿಗೆ ಬಳ್ಳಿ ಸುತ್ತುತ್ತಿದ್ದ.

“ಆಚಾರ್ರೆ! ಎಂತ ಇದು, ದಾರಿ ತಪ್ಪಿ ಬಂದ್ರ್ಯಾ?” ಎಂದು ಎದ್ದು ನಿಂತ. ನೀರು ತರಲು ಹೆಂಡತಿಯನ್ನು ಕೂಗಿದ.

ನೀರು ಬರುವ ಮೊದಲೇ ಹೇಳಿಬಿಟ್ಟೆ. ನಿಂತುಕೊಂಡೇ ಹೇಳಿದೆ. “ಶನಿಯಾರ, ಮಿರ್ಜಾನದ ಮರಕ್ಕೆ ನೀ ಹಾಕಿದ ಗುರ್ತು ಸರಿ ಇತ್ತು. ಅದನ್ನ ಕಡ್ದು ಎಸ್ದದ್ದು ನಾನು. ಮರ ತಿರುವಿ ನಿಲ್ಸಿದ್ದೂ ನಾನೇ. ಆ ಸಂಜೆಗೇ ನಂಗೆ ಗೊತ್ತಿತ್ತು. ನಿನ್ನ ಮೇಲೆ ಸುಳ್ಳು ಹೇಳಿದೆ.”

ಅವನ ಕೈಯಲ್ಲಿ ಬಳ್ಳಿ ಹಾಗೇ ಇತ್ತು. “ಇನ್ನೊಂದ್ಸಲ ಹೇಳಿ,” ಎಂದ.

ಹೇಳಿದೆ.

“ಮಾದೇವಿ, ಇಲ್ಲಿ ಬಾ.” ಹೆಂಡತಿ ಚೆಂಬು ಹಿಡಿದು ಬಂದಳು. “ಆಚಾರ್ರೆ, ಇವ್ಳಿಗೂ ಹೇಳಿ.”

ಮೂರನೆಯ ಸಲ ಹೇಳಿದೆ. ಮಾದೇವಿ ಚೆಂಬನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶನಿಯಾರ ಮಾತ್ರ ನಗುತ್ತಿದ್ದ. ಅಂಥ ನಗುವನ್ನು ನಾನು ಅವನ ಮುಖದಲ್ಲಿ ನೋಡಿದ್ದೇ ಇಲ್ಲ. “ಕೇಳ್ದ್ಯನೇ? ನನ್ನ ಕೈ ಸರಿ ಇತ್ತಂತೆ. ಸರಿ ಇತ್ತಂತೆ!” ಎಂದು ಅವಳ ತೋಳು ಹಿಡಿದು ಅಲ್ಲಾಡಿಸಿದ. ನನ್ನ ಕಡೆ ಅವನ ಗಮನವೇ ಇರಲಿಲ್ಲ.

ಆಮೇಲೆ ಅಂಗಿ ಹಾಕಿಕೊಂಡ. “ಬನ್ನಿ,” ಎಂದ. ನನ್ನನ್ನು ಪಕ್ಕದ ಮನೆಗೆ ಕರೆದುಕೊಂಡು ಹೋದ. ಅಲ್ಲಿ ಅವನ ದೊಡ್ಡಪ್ಪನ ಮಗ ಇದ್ದ. “ಹೇಳಿ ಆಚಾರ್ರೆ,” ಎಂದ. ಹೇಳಿದೆ. ಅಲ್ಲಿಂದ ಇನ್ನೊಂದು ಮನೆ. ಅಲ್ಲಿಂದ ಚಹಾದಂಗಡಿ, ಐದಾರು ಜನ ಬೆಂಚಿನ ಮೇಲೆ ಕೂತಿದ್ದರು. “ಹೇಳಿ.” ಹೇಳಿದೆ. ಯಾರೋ ಉಗುಳಿದರು, ಯಾರೋ ಎದ್ದು ಹೋದರು. ಅವನು ನನ್ನನ್ನು ಬೈಯಲು ಯಾರಿಗೂ ಬಿಡಲಿಲ್ಲ, ಕೂರಿಸಲೂ ಇಲ್ಲ. ಒಂದೊಂದು ಕಡೆಯೂ ಅದೇ ನಾಲ್ಕು ಮಾತು. ಮೊದಮೊದಲು ನಾಚಿಕೆಯಿಂದ ನೆಲ ನೋಡಿ ಹೇಳುತ್ತಿದ್ದೆ. ಕೊನೆಕೊನೆಗೆ ಬೇರೆ ಯಾರದೋ ವಿಷಯ ಹೇಳಿದ ಹಾಗೆ ಬಾಯಿ ತಾನೇ ಹೇಳುತ್ತಿತ್ತು.

ಕೊನೆಗೆ ಮರದಂಗಡಿಯ ಸಾಹೇಬರ ಮನೆ. ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದು ಶನಿಯಾರನನ್ನು ನೋಡಿದರು. “ಇಷ್ಟು ವರ್ಷ ನಮ್ಮಲ್ಲಿ ಹೊರ್ತಾ ಇದ್ದಿ. ನೀನು ಗರಗಸದವ ಅಂತ ಒಂದು ದಿನಾನೂ ಹೇಳ್ಲಿಲ್ಲ?”

“ಹೇಳೂಕೆ ಬಾಯಿ ಇರ್ಲಿಲ್ಲ ಸಾಹೇಬ್ರೆ,” ಎಂದ ಶನಿಯಾರ. “ಇವತ್ತು ಬಂತು.”

ಬಸ್ ನಿಲ್ದಾಣಕ್ಕೆ ನಡೆದು ಬಂದೆವು. ದಾರಿಯಲ್ಲಿ ಅವನ ಆ ನಗು ನಿಧಾನವಾಗಿ ಇಳಿಯುತ್ತಿತ್ತು. ಹೊನ್ನಾವರದ ಬಸ್ಸು ನಿಂತಿತ್ತು. ನಾನು ಹತ್ತಲಿಲ್ಲ.

“ಶನಿಯಾರ, ನನ್ನ ಮೇಲೆ ಸಿಟ್ಟಾ?” ಎಂದು ಕೇಳಿದೆ.

ಅವನು ಸುಳ್ಳು ಹೇಳಬಾರದೆಂದು ಯೋಚಿಸುವವನ ಹಾಗೆ ಯೋಚಿಸಿದ.

“ಇನ್ನೂ ಬರ್ಲಿಲ್ಲ ಆಚಾರ್ರೆ. ಬತ್ತದೆ. ಅದು ಬರೂದ್ರೊಳಗೆ ನೀವು ಹೊರ್ಡಿ.”

ನಾನು ಬಸ್ಸು ಹತ್ತಿದೆ. ಮುಂದಿನ ಮಳೆಗಾಲ ಕಳೆದ ಮೇಲೆ, ಶನಿಯಾರ ಸಾಹೇಬರ ಅಂಗಡಿಯಲ್ಲಿ ಮತ್ತೆ ಗರಗಸ ಹಿಡಿದಿದ್ದಾನೆಂದು ಭಟ್ಕಳದ ಲಾರಿಯವನೊಬ್ಬ ಹೇಳಿದ. ದಿಮ್ಮಿಯ ಮೇಲೆ ಯಾರು ನಿಲ್ಲುತ್ತಾರೆಂದು ನಾನು ಕೇಳಲಿಲ್ಲ. ಆ ಸಿಟ್ಟು ಅವನಿಗೆ ಎಂದಾದರೂ ಬಂದೇ ಬರುತ್ತದೆ, ಬೈಯಲಿಕ್ಕಾದರೂ ಕುಮಟೆಗೆ ಬರುತ್ತಾನೆ ಎಂದುಕೊಂಡು ಭಾನುವಾರ ಎಲ್ಲಿಗೂ ಹೋಗದೆ ಕೋಣೆಯಲ್ಲೇ ಇರುತ್ತಿದ್ದೆ. ಬಹಳ ವರ್ಷ ಇದ್ದೆ. ಅವನು ಬರಲಿಲ್ಲ.